ಅಜ್ಜಿಯ ಬಟ್ಟಲು



ಮಕ್ಕಳಿಗೆ ಕಥೆ ಹೇಳಿದವರಿಗೆಲ್ಲ ಒಂದು ಸಂಗತಿ ಗೊತ್ತಿರುತ್ತದೆ. ನಿನ್ನೆ ಹೇಳಿದ ಕಥೆಯನ್ನೇ ಮಗು ಇಂದೂ ಕೇಳುತ್ತದೆ. ಹೊಸದೊಂದು ಹೇಳುತ್ತೇನೆಂದರೆ ಬೇಡವೆನ್ನುತ್ತದೆ. ನಡುವೆ ಒಂದು ಮಾತು ತಪ್ಪಿದರೆ ‘ಹಾಗಲ್ಲ, ಹೀಗೆ’ ಎಂದು ತಿದ್ದುತ್ತದೆ. ಮಗುವಿನ ಮಾತು ಹಾಗಿರಲಿ. ಒಂದು ನಾಡಿಗೆ ನಾಡೇ ನೂರಾರು ವರ್ಷಗಳಿಂದ ಒಂದೇ ಕಥೆಯನ್ನು ಕೇಳುತ್ತ ಬಂದಿರುವುದುಂಟು. ಊರು ಬೇರೆ, ಹೆಸರು ಬೇರೆ, ನಂಬಿದ ದೇವರು ಬೇರೆ. ಸಿಪ್ಪೆ ಸುಲಿದು ನೋಡಿದರೆ ಒಳಗಿನ ತಿರುಳು ಒಂದೇ. ಇದು ಏಕೆ ಹೀಗೆ? ಈ ಕಥೆಗಳು ನಮ್ಮನ್ನು ಏನು ಮಾಡುತ್ತವೆ? ಇದನ್ನು ಇಂದು ಸ್ವಲ್ಪ ಬಿಡಿಸಿ ನೋಡೋಣ.

ಹೀಗೆ ಮತ್ತೆ ಮತ್ತೆ ತಲೆಯೆತ್ತುವ ಪಾತ್ರಗಳಿಗೆ, ಸನ್ನಿವೇಶಗಳಿಗೆ ವಿದ್ವಾಂಸರು ‘ಮೂಲಮಾದರಿ’ ಎಂದು ಹೆಸರಿಟ್ಟಿದ್ದಾರೆ. ಕೆಲವರು ‘ಆದಿರೂಪ’ ಎನ್ನುತ್ತಾರೆ. ಸ್ವಿಟ್ಜರ್ಲೆಂಡಿನಲ್ಲಿ ಕಾರ್ಲ್ ಯೂಂಗ್ ಎಂಬ ಮನೋವೈದ್ಯರಿದ್ದರು. ೧೮೭೫ರಿಂದ ೧೯೬೧ರವರೆಗೆ ಬಾಳಿದವರು. ಮನುಷ್ಯರೆಲ್ಲರ ದೇಹಕ್ಕೆ ಒಂದೇ ಬಗೆಯ ಅಂಗಾಂಗಗಳಿರುವಂತೆ, ಮನಸ್ಸಿನ ಆಳದಲ್ಲಿಯೂ ಎಲ್ಲರಿಗೂ ಸಮಾನವಾದ ಕೆಲವು ರೂಪಗಳಿವೆ, ಅವೇ ಕನಸುಗಳಲ್ಲಿ ಕಾಣುತ್ತವೆ, ಅವೇ ಪುರಾಣಗಳಾಗಿ ಹೊರಬರುತ್ತವೆ ಎಂಬುದು ಅವರ ವಿಚಾರ. ಕೆನಡಾ ದೇಶದ ವಿಮರ್ಶಕ ನಾರ್ತ್ರಾಪ್ ಫ್ರೈ ೧೯೫೭ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇಂಥ ರೂಪಗಳನ್ನು ಹಿಡಿದು ಸಾಹಿತ್ಯವನ್ನೆಲ್ಲ ವಿಂಗಡಿಸಿ ನೋಡಿದರು.

ಇದು ಪಂಡಿತರ ಮಾತಾಯಿತು. ಆಲೆಮನೆ ಕಂಡವರಿಗೆ ಇದನ್ನು ಸುಲಭವಾಗಿ ಹೇಳಬಹುದು. ಕಬ್ಬು ಈ ಹೊಲದ್ದೋ ಆ ಹೊಲದ್ದೋ, ಪಾಕ ಅಚ್ಚಿಗೆ ಬಿತ್ತೆಂದರೆ ಎಲ್ಲ ಬೆಲ್ಲಕ್ಕೂ ಒಂದೇ ಆಕಾರ. ಕಥೆಗೂ ಅಂಥ ಅಚ್ಚುಗಳುಂಟು. ಮಲತಾಯಿ, ದಡ್ಡನೆನಿಸಿಕೊಂಡು ಕಡೆಗೆ ಗೆಲ್ಲುವ ಕಿರಿಯ ಮಗ, ವೇಷ ಮರೆಸಿಕೊಂಡು ಬಾಗಿಲಿಗೆ ಬರುವ ದೇವರು, ಗೆದ್ದ ಮೇಲೆ ಬಿಟ್ಟುಕೊಡುವ ವೀರ, ಇವೆಲ್ಲ ಅಚ್ಚುಗಳೇ. ಇವುಗಳಲ್ಲಿ ಒಂದನ್ನು ಮಾತ್ರ ಇಂದು ಕೈಗೆತ್ತಿಕೊಳ್ಳೋಣ. ಅದನ್ನು ನೋಡಲು ದೂರ ಹೋಗಬೇಕಾಗಿಲ್ಲ. ಹಾಸನ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಅದು ಕಲ್ಲಾಗಿ ನಿಂತಿದೆ.

ಶ್ರವಣಬೆಳಗೊಳವನ್ನು ನಿಮ್ಮಲ್ಲಿ ಅನೇಕರು ಕಂಡಿದ್ದೀರಿ. ಎರಡು ಬೆಟ್ಟ, ನಡುವೆ ಕೊಳ. ಚಿಕ್ಕಬೆಟ್ಟ ಚಂದ್ರಗಿರಿ, ದೊಡ್ಡಬೆಟ್ಟ ವಿಂಧ್ಯಗಿರಿ. ದೊಡ್ಡಬೆಟ್ಟದ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಹತ್ತಿ ಹೋದರೆ ಗೊಮ್ಮಟೇಶ್ವರನ ಸನ್ನಿಧಿ. ಸುಮಾರು ೫೮ ಅಡಿ ಎತ್ತರದ ಏಕಶಿಲಾ ಮೂರ್ತಿ. ಗಂಗರ ದೊರೆ ರಾಚಮಲ್ಲನ ಮಂತ್ರಿಯೂ ಸೇನಾಪತಿಯೂ ಆಗಿದ್ದ ಚಾವುಂಡರಾಯನು ಇದನ್ನು ಮಾಡಿಸಿದನು. ಆತ ಬರಿಯ ಯೋಧನಲ್ಲ, ಲೇಖಕನೂ ಹೌದು. ೯೭೮ರಲ್ಲಿ ಚಾವುಂಡರಾಯ ಪುರಾಣವೆಂಬ ಗದ್ಯ ಗ್ರಂಥವನ್ನು ಕನ್ನಡದಲ್ಲಿ ಬರೆದನು. ಮೂರ್ತಿಯ ಪ್ರತಿಷ್ಠೆ ೯೮೧ರ ಸುಮಾರಿಗೆ ಆಯಿತೆಂದು ಎಣಿಸಿ ೧೯೮೧ರಲ್ಲಿ ಸಾವಿರ ವರ್ಷದ ಮಹಾಮಸ್ತಕಾಭಿಷೇಕವನ್ನು ನಡೆಸಿದರು. ಆಮೇಲೆ ೧೯೯೩, ೨೦೦೬, ೨೦೧೮ರಲ್ಲಿಯೂ ಅದು ನಡೆಯಿತು. ಹಾಲು, ಎಳನೀರು, ಕಬ್ಬಿನ ಹಾಲು, ಅರಿಸಿನ, ಗಂಧಗಳ ಧಾರೆ ಆ ಕಲ್ಲಿನ ಮೈಮೇಲೆ ಇಳಿಯುವುದನ್ನು ನೋಡಲು ದೇಶದೇಶಗಳ ಜನ ಬರುತ್ತಾರೆ.

ಮೂರ್ತಿಯ ಪಾದದ ಬಳಿ ಶಾಸನಗಳಿವೆ. ಕನ್ನಡ, ತಮಿಳು, ಮರಾಠಿ ಈ ಮೂರು ಭಾಷೆಗಳಲ್ಲಿ ಅವು ಇದನ್ನು ಮಾಡಿಸಿದವನು ಚಾವುಂಡರಾಯ ಎನ್ನುತ್ತವೆ. ಸುತ್ತಲಿನ ಸುತ್ತಾಲಯವನ್ನು ಕಟ್ಟಿಸಿದವನು ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನೆಂಬುದನ್ನೂ ಅಲ್ಲಿ ಬರೆದಿದೆ. ಬೆಳಗೊಳದಲ್ಲಿ ಒಟ್ಟು ಐನೂರಕ್ಕೂ ಹೆಚ್ಚು ಶಾಸನಗಳು ದೊರೆತಿವೆ. ಮಾಡಿಸಿದವರು, ಕೊಟ್ಟವರು, ವ್ರತವಿಡಿದು ದೇಹ ಬಿಟ್ಟವರು, ಎಲ್ಲರ ಹೆಸರೂ ಅಲ್ಲಿ ಸಿಗುತ್ತವೆ.

ಆದರೆ ಪ್ರಾಕಾರದ ಬಾಗಿಲ ಹೊರಗೆ ಒಂದು ಸಣ್ಣ ಮೂರ್ತಿಯಿದೆ. ಒಬ್ಬ ಹೆಣ್ಣುಮಗಳು ಕೈಯಲ್ಲಿ ಪುಟ್ಟ ಪಾತ್ರೆ ಹಿಡಿದು ಗೊಮ್ಮಟನಿಗೆ ಮುಖ ಮಾಡಿ ನಿಂತಿದ್ದಾಳೆ. ಮನುಷ್ಯರ ಎತ್ತರಕ್ಕಿಂತ ಹೆಚ್ಚಿಲ್ಲ. ಅವಳೇ ಗುಳ್ಳಕಾಯಜ್ಜಿ. ಆಕೆಗೆ ಸ್ವಂತ ಹೆಸರಿಲ್ಲ. ಹಿಡಿದ ಪಾತ್ರೆಯೇ ಹೆಸರಾಗಿದೆ. ಪಾದದ ಶಾಸನ ಆಕೆಯನ್ನು ಕಾಣದು. ಆಕೆ ಉಳಿದಿರುವುದು ಕಥೆಯಲ್ಲಿ.

ಕಥೆ ಹೀಗಿದೆ. ಮೂರ್ತಿ ಪೂರ್ಣವಾಯಿತು. ಚಾವುಂಡರಾಯ ಮೊದಲ ಅಭಿಷೇಕಕ್ಕೆ ಏರ್ಪಾಟು ಮಾಡಿದ. ಅಟ್ಟಣೆ ಕಟ್ಟಿಸಿದ. ಕೊಡಗಟ್ಟಲೆ ಹಾಲು ತರಿಸಿದ. ಇಂಥದೊಂದನ್ನು ಮಾಡಿಸಿದವರು ಯಾರಿದ್ದಾರೆ ಎಂಬ ಒಂದು ಭಾವ ಆತನ ಮನಸ್ಸಿನ ಮೂಲೆಯಲ್ಲಿ ಹೇಗೋ ಸೇರಿಕೊಂಡಿತ್ತು. ಹಾಲು ಸುರಿದರು. ತಲೆ ತೋಯಿತು, ಭುಜ ತೋಯಿತು. ಸೊಂಟದಿಂದ ಕೆಳಗೆ ಹಾಲು ಇಳಿಯಲಿಲ್ಲ. ತೊಡೆಯವರೆಗೆ ಬಂದು ನಿಂತಿತೆಂದು ಹೇಳುವವರೂ ಉಂಟು. ಮತ್ತೆ ತರಿಸಿದರು, ಮತ್ತೆ ಸುರಿದರು. ಪಾದ ಒಣಗಿಯೇ ಇತ್ತು. ಆಗ ಒಬ್ಬ ಮುದುಕಿ ಬಂದಳು. ಗುಳ್ಳದ ಕಾಯಿಯನ್ನು ಕೊರೆದು ಮಾಡಿದ ಬಟ್ಟಲಿನಲ್ಲಿ ಒಂದಿಷ್ಟು ಹಾಲು ತಂದಿದ್ದಳು. ತಾನೂ ಎರೆಯಬೇಕೆಂದಳು. ನೆರೆದವರು ನಕ್ಕರು. ಕಡೆಗೆ ಎರೆಯಲು ಬಿಟ್ಟರು. ಆ ಒಂದು ಬಟ್ಟಲ ಹಾಲು ತಲೆಯಿಂದ ಪಾದದವರೆಗೆ ಹರಿಯಿತು. ಬೆಟ್ಟದಿಂದಿಳಿದು ಕೊಳವನ್ನೂ ಬೆಳ್ಳಗೆ ಮಾಡಿತೆನ್ನುತ್ತಾರೆ. ಚಾವುಂಡರಾಯನ ಕಣ್ಣು ತೆರೆಯಿತು. ಅಜ್ಜಿಯ ಪ್ರತಿಮೆಯನ್ನು ಬಾಗಿಲಲ್ಲಿಯೇ ನಿಲ್ಲಿಸಿದನೆಂಬುದು ಪ್ರತೀತಿ.

ಈಗ ಈ ಕಥೆಯ ಅಚ್ಚನ್ನು ನೋಡಿರಿ. ಒಂದು ದೊಡ್ಡ ಕೆಲಸ; ಅದನ್ನು ಮಾಡಿದ ದೊಡ್ಡ ಮನುಷ್ಯ; ಅವನಿಗೇ ಕಾಣದ ಒಂದು ಕೊರತೆ; ಎಲ್ಲರಿಗಿಂತ ಕಡಿಮೆ ಉಳ್ಳವರೊಬ್ಬರು; ನೋಡಿದವರ ನಗೆ; ಕಡೆಗೆ ಚಿಕ್ಕದರಿಂದ ದೊಡ್ಡದು ತುಂಬುವುದು. ಇಷ್ಟೇ ಅದರ ಅಂಗಗಳು.

ನಮ್ಮ ಪುರಾತನರ ಕಥೆಗಳನ್ನು ಜ್ಞಾಪಿಸಿಕೊಳ್ಳಿರಿ. ಮಾದಾರ ಚನ್ನಯ್ಯ ಕರಿಕಾಲ ಚೋಳನ ಲಾಯಕ್ಕೆ ಹುಲ್ಲು ತರುತ್ತಿದ್ದವನು. ಯಾರೂ ಅರಿಯದಂತೆ ಶಿವನಿಗೆ ಅಂಬಲಿಯನ್ನು ಅರ್ಪಿಸುತ್ತಿದ್ದನು. ಅರಸನು ದಿನವೂ ಭಕ್ಷ್ಯಭೋಜ್ಯಗಳನ್ನು ನೈವೇದ್ಯ ಮಾಡುವನು. ಒಂದು ದಿನ ಶಿವನು ಅರಸನ ನೈವೇದ್ಯವನ್ನು ಮುಟ್ಟಲಿಲ್ಲ. ಚನ್ನಯ್ಯನ ಅಂಬಲಿಯನ್ನು ಉಂಡು ತೃಪ್ತನಾಗಿದ್ದನು. ಅರಸ ಚನ್ನಯ್ಯನನ್ನು ಹುಡುಕಿಕೊಂಡು ಹೋಗಿ ಕಾಲಿಗೆರಗಿದನು. ಬಟ್ಟಲ ಬದಲು ಅಂಬಲಿಯ ಮಡಕೆ, ಅಷ್ಟೇ.

ಕೋಳೂರ ಕೊಡಗೂಸು ಇನ್ನೂ ಹತ್ತಿರದವಳು. ಅಲ್ಲಿಯೂ ಹಾಲೇ. ತಂದೆ ಪರಊರಿಗೆ ಹೋಗುವಾಗ, ದಿನವೂ ಶಿವನಿಗೆ ಹಾಲು ಕೊಡು ಎಂದು ಹೇಳಿ ಹೋದ. ಮಗು ಅದನ್ನು ನಂಬಿತು. ಹಾಲು ಇಟ್ಟರೆ ಶಿವ ಕುಡಿಯುತ್ತಾನೆಂದುಕೊಂಡಿತು. ಕುಡಿಯಲಿಲ್ಲ. ಬೇಡಿತು, ಅತ್ತಿತು, ತಲೆ ಒಡೆದುಕೊಳ್ಳಹೋಯಿತು. ಶಿವ ಕುಡಿದ. ಹರಿಹರ ಕವಿ ರಗಳೆಯಲ್ಲಿ ಹಾಡಿದ ಕಥೆಯಿದು. ಬೆಳಗೊಳದಲ್ಲಿ ಬಾಳಿನ ಕೊನೆಯಲ್ಲಿರುವ ಅಜ್ಜಿ, ಕೋಳೂರಿನಲ್ಲಿ ಬಾಳಿನ ಮೊದಲಿನಲ್ಲಿರುವ ಮಗು. ಲೋಕದ ಲೆಕ್ಕದಲ್ಲಿ ಇಬ್ಬರೂ ಯಾವುದಕ್ಕೂ ಬಾರದವರು. ಸಭೆ ಸೇರಿದಾಗ ‘ನೀನು ಆ ಕಡೆ ಕೂತುಕೋ’ ಎಂದು ನಾವು ಹೇಳುವುದು ಈ ಇಬ್ಬರಿಗೇ ಅಲ್ಲವೇ?

ಇನ್ನೂ ಮುಂದೆ ಹೋದರೆ ಕುಚೇಲನ ಹಿಡಿ ಅವಲಕ್ಕಿ, ವಿದುರನ ಮನೆಯ ಹಾಲು, ಶಬರಿಯ ಹಣ್ಣು. ಸೇತುವೆ ಕಟ್ಟುವಾಗ ಮೈಗಂಟಿದ ಮರಳನ್ನು ಕೊಡವಿದ ಅಳಿಲು. ಬೌದ್ಧರ ಕಥೆಗಳಲ್ಲಿ ಅರಸರು ಹಚ್ಚಿದ ಸಾಲುದೀಪಗಳೆಲ್ಲ ಆರಿಹೋದರೂ ಬಡ ಹೆಂಗಸೊಬ್ಬಳ ಒಂದು ಹಣತೆ ಆರಲಿಲ್ಲ. ಕ್ರೈಸ್ತರ ಸುವಾರ್ತೆಯಲ್ಲಿ ಜೆರೂಸಲೇಮಿನ ದೇವಾಲಯದ ಹುಂಡಿಗೆ ಸಿರಿವಂತರು ಹಣ ಸುರಿಯುತ್ತಿರುವಾಗ ಬಡ ವಿಧವೆಯೊಬ್ಬಳು ಎರಡು ಕಾಸು ಹಾಕುತ್ತಾಳೆ. ಎಲ್ಲರಿಗಿಂತ ಹೆಚ್ಚು ಕೊಟ್ಟವಳು ಇವಳೇ ಎಂದು ಯೇಸು ಹೇಳುತ್ತಾನೆ. ಬೆಳಗೊಳದ ಅಜ್ಜಿಯನ್ನು ಜೆರೂಸಲೇಮಿನವರು ಕಂಡಿರಲಿಲ್ಲ. ಆ ವಿಧವೆಯ ಹೆಸರನ್ನು ಕೋಳೂರಿನ ಮಗು ಕೇಳಿರಲಿಲ್ಲ.

ಹಾಗಾದರೆ ಒಂದೇ ಕಥೆ ಇಷ್ಟು ಕಡೆ ಹೇಗೆ ಹುಟ್ಟಿತು? ಇದಕ್ಕೆ ಎರಡು ಉತ್ತರಗಳುಂಟು. ಒಂದು, ಕಥೆಗಳು ನಡೆಯುತ್ತವೆ. ವ್ಯಾಪಾರಿಗಳ ಜೊತೆ, ಜಂಗಮರ ಜೊತೆ, ಮದುವೆಯಾಗಿ ಹೋದ ಹೆಣ್ಣುಮಕ್ಕಳ ಜೊತೆ ಊರೂರು ಸುತ್ತುತ್ತವೆ. ನಮ್ಮ ಪಂಚತಂತ್ರ ಆರನೆಯ ಶತಮಾನದಲ್ಲಿ ಪರ್ಷಿಯಾಕ್ಕೆ ಹೋಯಿತು, ಎಂಟನೆಯ ಶತಮಾನದಲ್ಲಿ ಅರಬ್ಬೀ ಭಾಷೆಗೆ ಇಳಿಯಿತು, ಅಲ್ಲಿಂದ ಯುರೋಪನ್ನು ಸೇರಿತು. ಕನ್ನಡದಲ್ಲಿ ಹನ್ನೊಂದನೆಯ ಶತಮಾನದಲ್ಲಿ ದುರ್ಗಸಿಂಹ ಅದನ್ನು ಬರೆದ. ಕಾಲಿಲ್ಲದಿದ್ದರೂ ಕಥೆಯಷ್ಟು ದೂರ ನಡೆದವರಿಲ್ಲ. ಇನ್ನೊಂದು ಉತ್ತರ, ಎಲ್ಲಿ ನೋಡಿದರೂ ಮನುಷ್ಯನ ಬಾಳು ಒಂದೇ. ಎಲ್ಲ ಊರಿನಲ್ಲಿಯೂ ಉಳ್ಳವರಿದ್ದಾರೆ, ಇಲ್ಲದವರಿದ್ದಾರೆ. ಕೊಡುವ ಕೈ ಮೇಲಾಗಿ, ತೆಗೆದುಕೊಳ್ಳುವ ಕೈ ಕೆಳಗಾಗುವುದು ಎಲ್ಲ ಕಡೆಗೂ ಉಂಟು. ನೋವು ಒಂದೇ ಆದಮೇಲೆ ಮದ್ದು ಒಂದೇ ಬಗೆಯದಾದರೆ ಆಶ್ಚರ್ಯವೇನು? ಈ ಎರಡರಲ್ಲಿ ಯಾವುದು ಸರಿ ಎಂದು ಜಗಳ ಹೂಡಬೇಕಾಗಿಲ್ಲ. ಗಾಳಿಗೆ ಹಾರಿ ಬಂದ ಬೀಜವೂ ನೆಲ ಹದವಾಗಿದ್ದರೆ ಮಾತ್ರ ಮೊಳೆಯುತ್ತದೆ.

ಬೀಜ ಎಂದೆವು. ಆಲೆಮನೆಯ ಅಚ್ಚಿನ ಹೋಲಿಕೆ ಇಲ್ಲಿಯವರೆಗೆ ಸಾಕು, ಇನ್ನು ಮುಂದೆ ಸಾಲದು. ಅಚ್ಚು ಪ್ರತಿಸಲವೂ ಅದೇ ಆಕಾರ ಕೊಡುತ್ತದೆ. ಬೀಜ ಹಾಗಲ್ಲ, ನೆಲ ನೋಡಿ, ನೀರು ನೋಡಿ ಬೆಳೆಯುತ್ತದೆ. ಇದಕ್ಕೆ ಬೆಳಗೊಳದ ದೊಡ್ಡ ಕಥೆಯೇ ಸಾಕ್ಷಿ. ವೃಷಭದೇವನ ಮಕ್ಕಳು ಭರತ, ಬಾಹುಬಲಿ. ಭರತ ಭೂಮಿಯನ್ನೆಲ್ಲ ಗೆದ್ದು ಬಂದ, ತಮ್ಮನೊಬ್ಬ ತಲೆಬಾಗಲಿಲ್ಲ. ಸೈನ್ಯ ಸಾಯುವುದು ಬೇಡವೆಂದು ಅಣ್ಣತಮ್ಮಂದಿರೇ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮಾಡಿದರು. ಮೂರರಲ್ಲಿಯೂ ಬಾಹುಬಲಿ ಗೆದ್ದ. ಗೆದ್ದ ಗಳಿಗೆಯಲ್ಲಿಯೇ ರಾಜ್ಯ ಬೇಡವೆನಿಸಿತು. ಬಿಟ್ಟು ಹೋಗಿ ತಪಸ್ಸಿಗೆ ನಿಂತ. ೯೪೧ರಲ್ಲಿ ಪಂಪ ಕವಿ ಆದಿಪುರಾಣದಲ್ಲಿ ಇದನ್ನು ಹೇಳಿದಾಗ ಯುದ್ಧವಿದೆ, ಅಣ್ಣನ ಸಿಟ್ಟಿದೆ, ಬೀಸಿದ ಚಕ್ರವಿದೆ. ಹದಿನಾರನೆಯ ಶತಮಾನದಲ್ಲಿ ರತ್ನಾಕರವರ್ಣಿ ಭರತೇಶ ವೈಭವವನ್ನು ಬರೆದಾಗ ಆ ಕಾಳಗವನ್ನೇ ತಪ್ಪಿಸಿದ. ಅವನ ಭರತ ಮಾತಿನಿಂದಲೇ ತಮ್ಮನ ಮನಸ್ಸನ್ನು ತಿರುಗಿಸುತ್ತಾನೆ. ಬೀಜ ಅದೇ, ಬೆಳೆದ ಗಿಡ ಬೇರೆ. ಕವಿ ತನ್ನ ಕಾಲಕ್ಕೆ ಏನು ಬೇಕೆಂದು ಕಂಡನೋ ಹಾಗೆ ಬೆಳೆಸಿದ.

ಇನ್ನೊಂದು ಮಾತನ್ನು ಗಮನಿಸಿರಿ. ಎಲ್ಲವನ್ನೂ ಬಿಟ್ಟ ಬಾಹುಬಲಿ ಒಂದು ವರ್ಷ ಅಲುಗದೆ ನಿಂತ. ಹುತ್ತ ಬೆಳೆಯಿತು, ಬಳ್ಳಿ ಹಬ್ಬಿತು. ಶಿಲ್ಪಿ ಅದನ್ನು ಕಲ್ಲಿನಲ್ಲಿ ಕಡೆದಿದ್ದಾನೆ. ಆದರೂ ಜ್ಞಾನ ಉದಯಿಸಲಿಲ್ಲ. ನಾನು ನಿಂತಿರುವ ನೆಲ ಅಣ್ಣನದು ಎಂಬ ಒಂದು ಮುಳ್ಳು ಒಳಗೆ ಉಳಿದಿತ್ತೆಂದು ಜನ ಹೇಳುತ್ತಾರೆ. ಭರತ ಬಂದು ನಮಿಸಿದ ಮೇಲೆ ಆ ಮುಳ್ಳು ಕಳಚಿತು. ಬಿಟ್ಟವನಿಗೆ ಬಿಟ್ಟೆನೆಂಬುದರ ಅಂಚಿನಲ್ಲಿ ಒಂದು ಗಂಟು. ಆ ಬಿಟ್ಟವನ ಮೂರ್ತಿಯನ್ನು ಮಾಡಿಸಿದವನಿಗೆ ಮಾಡಿಸಿದೆನೆಂಬುದರ ಅಂಚಿನಲ್ಲಿ ಇನ್ನೊಂದು ಗಂಟು. ಒಂದೇ ಬೆಟ್ಟದ ಮೇಲೆ ಎರಡು ಕಥೆಗಳು, ಎರಡರಲ್ಲಿಯೂ ಕೊನೆಯ ಗಂಟು ಅಹಂಕಾರದ್ದೇ. ಎರಡರಲ್ಲಿಯೂ ಅದನ್ನು ತಾನೇ ಬಿಚ್ಚಿಕೊಳ್ಳಲಾಗಲಿಲ್ಲ. ಇನ್ನೊಬ್ಬರು ಬರಬೇಕಾಯಿತು. ಒಬ್ಬನಿಗೆ ಚಕ್ರವರ್ತಿ ಬಂದ, ಇನ್ನೊಬ್ಬನಿಗೆ ಮುದುಕಿ ಬಂದಳು.

ಇದರಿಂದ ಅಜ್ಜಿಯ ಕಥೆ ಯಾರಿಗಾಗಿ ಹುಟ್ಟಿತೆಂಬುದು ತಿಳಿಯುತ್ತದೆ. ಬಡವರನ್ನು ಸಮಾಧಾನ ಮಾಡಲು ಹೇಳಿದ ಕಥೆ ಇದು ಎಂದು ಹಲವರು ತಿಳಿಯುತ್ತಾರೆ. ‘ನಿನ್ನಲ್ಲಿ ಏನಿಲ್ಲದಿದ್ದರೂ ಪರವಾಗಿಲ್ಲ, ಭಕ್ತಿಯಿದ್ದರೆ ಸಾಕು’ ಎಂದು ಇಲ್ಲದವನ ಬೆನ್ನು ತಟ್ಟಲು ಇದನ್ನು ಬಳಸುವವರುಂಟು. ಇಲ್ಲದವನಿಗೆ ಆ ಮಾತಿನಿಂದ ಹೊಟ್ಟೆ ತುಂಬದು. ಕಥೆಯನ್ನು ಮತ್ತೊಮ್ಮೆ ನೋಡಿರಿ. ಅಜ್ಜಿಗೆ ಯಾವ ಕೊರತೆಯೂ ಇರಲಿಲ್ಲ. ಆಕೆ ಬರುವಾಗಲೇ ತುಂಬಿದ ಮನಸ್ಸಿನಿಂದ ಬಂದಳು, ಹಾಗೆಯೇ ಹೋದಳು. ಬದಲಾದವನು ಚಾವುಂಡರಾಯ. ಈ ಕಥೆ ಉಳ್ಳವನಿಗೆ ಹೇಳಿದ್ದು, ಕೊಡುವವನಿಗೆ ಹೇಳಿದ್ದು.

ಈಗ ಒಂದು ಸೂಕ್ಷ್ಮ ವಿಚಾರ. ಸ್ಥಳದ ಕಥೆಗಳಲ್ಲಿ ಈ ಅಜ್ಜಿ ನಿಜವಾಗಿ ಅಜ್ಜಿಯಲ್ಲ. ಯಕ್ಷಿ ಕೂಷ್ಮಾಂಡಿನಿಯೇ ವೇಷ ಮರೆಸಿಕೊಂಡು ಬಂದಳು ಎನ್ನುತ್ತಾರೆ. ಕೆಲವರು ಪದ್ಮಾವತಿ ಎನ್ನುತ್ತಾರೆ. ಆ ಪರಂಪರೆಯವರ ಭಕ್ತಿಗೆ ನಮ್ಮ ಗೌರವವಿದೆ. ವೇಷ ಮರೆಸಿಕೊಂಡು ಬರುವ ದೇವರು ಇನ್ನೊಂದು ಮೂಲಮಾದರಿ; ನಮ್ಮ ಪುರಾಣಗಳಲ್ಲಿಯೂ ಶಿವನು ಜಂಗಮ ವೇಷದಲ್ಲಿ ಎಷ್ಟು ಸಲ ಬಂದಿದ್ದಾನೆ! ಎರಡು ಬೀಜಗಳು ಒಂದೇ ಗುಳಿಯಲ್ಲಿ ಬಿದ್ದು ಒಂದೇ ಗಿಡದಂತೆ ಬೆಳೆದಿವೆ. ಯಾರು ಯಾವ ವೇಷದಲ್ಲಿ ಬಂದಾರೋ, ಬಾಗಿಲಿಗೆ ಬಂದವರನ್ನು ತಿರಸ್ಕರಿಸಬೇಡ ಎಂದು ಇದು ಕಲಿಸುತ್ತದೆ. ಅದು ಒಳ್ಳೆಯ ಪಾಠ.

ಆದರೆ ಒಂದು ಅಪಾಯವೂ ಉಂಟು. ಬಂದವಳು ದೇವತೆ ಎಂದು ಗೊತ್ತಾದ ಮೇಲೆ ಕೈಮುಗಿಯುವುದು ಸುಲಭ. ಅವಳು ಬರಿಯ ಮುದುಕಿಯೇ ಆಗಿದ್ದರೆ? ಹಾಲು ಹರಿಯದಿದ್ದರೆ? ಆಗಲೂ ಅವಳಿಗೆ ಅಟ್ಟಣೆಯ ಮೇಲೆ ಜಾಗವಿತ್ತೇ? ಹನ್ನೆರಡನೆಯ ಶತಮಾನದ ಶರಣರ ದೊಡ್ಡತನ ಇರುವುದು ಇಲ್ಲಿ. ಅವರು ಮನುಷ್ಯನನ್ನು ಮನುಷ್ಯನಾಗಿಯೇ ಬಿಟ್ಟು ಗೌರವಿಸಿದರು. ಚನ್ನಯ್ಯ ಯಾವ ದೇವತೆಯ ವೇಷವೂ ಅಲ್ಲ, ಚನ್ನಯ್ಯನೇ. ಬಸವಣ್ಣನವರು ಅವನನ್ನು ತಮ್ಮ ಬಂಧುವೆಂದು ಎಣಿಸಿಕೊಂಡರು. ಆಯ್ದಕ್ಕಿ ಲಕ್ಕಮ್ಮನನ್ನು ನೋಡಿರಿ. ಗಂಡ ಮಾರಯ್ಯ ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವವನು. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಲಕ್ಕಮ್ಮ ಒಪ್ಪಲಿಲ್ಲ. ನಮಗೆ ಬೇಕಾದಷ್ಟು ಸಾಕು, ಉಳಿದದ್ದನ್ನು ಅಲ್ಲಿಯೇ ಸುರಿದು ಬಾ ಎಂದು ಕಳಿಸಿದಳು. ಇಲ್ಲಿ ಬೆಟ್ಟ ತೋಯಿಸುವ ಪವಾಡವಿಲ್ಲ. ಒಂದು ಸೆರಗಿನ ಅಕ್ಕಿಯನ್ನು ಹಿಂದಕ್ಕೆ ಕೊಟ್ಟದ್ದು, ಅಷ್ಟೇ. ಆದರೂ ಎಂಟುನೂರು ವರ್ಷಗಳಿಂದ ನಾವು ಆ ತಾಯಿಯ ಮುಂದೆ ತಲೆ ಬಾಗುತ್ತಿದ್ದೇವೆ. ಅದೇ ಬೀಜ ಕಲ್ಯಾಣದ ನೆಲದಲ್ಲಿ ಬೆಳೆದ ಬಗೆ ಇದು.

ಮತ್ತೆ ಮತ್ತೆ ಬರುವ ಕಥೆಯೆಲ್ಲ ಒಳ್ಳೆಯದೇ ಎಂದು ಮಾತ್ರ ತಿಳಿಯಬೇಡಿರಿ. ದೊಡ್ಡದನ್ನು ಕಟ್ಟುವವರ ಸುತ್ತ ಇನ್ನೊಂದು ಕಥೆಯೂ ಹುಟ್ಟುತ್ತದೆ. ‘ಕೆರೆಗೆ ಹಾರ’ ನಿಮಗೆಲ್ಲ ಗೊತ್ತು. ಗೌಡ ಕೆರೆ ಕಟ್ಟಿಸಿದ, ನೀರು ಬರಲಿಲ್ಲ, ಕಿರಿಯ ಸೊಸೆ ಭಾಗೀರಥಿಯನ್ನು ಬಲಿ ಕೊಟ್ಟರು, ನೀರು ಬಂತು. ಇದೇ ಕಥೆ ಸರ್ಬಿಯಾ ದೇಶದಲ್ಲಿ ಸ್ಕಾದರ್ ಕೋಟೆಯದಾಗಿದೆ. ಅಲ್ಲಿಯೂ ಮೂವರು ಅಣ್ಣತಮ್ಮಂದಿರಲ್ಲಿ ಕಿರಿಯವನ ಹೆಂಡತಿಯನ್ನೇ ಗೋಡೆಯಲ್ಲಿ ಇಟ್ಟು ಕಟ್ಟುತ್ತಾರೆ. ಗ್ರೀಸಿನಲ್ಲಿ ಆರ್ತಾ ಊರಿನ ಸೇತುವೆಗೆ, ರುಮೇನಿಯಾದಲ್ಲಿ ಆರ್ಜೆಶ್ ಮಠದ ಗೋಡೆಗೆ ಮೇಸ್ತ್ರಿಯ ಹೆಂಡತಿಯೇ ಬಲಿ. ಎಲ್ಲ ಕಡೆಗೂ ಹೆಣ್ಣೇ ಏಕೆ, ಬೇರೆ ಮನೆಯಿಂದ ಬಂದವಳೇ ಏಕೆ ಎಂದು ಕೇಳಿಕೊಳ್ಳಿರಿ. ಆ ಹಾಡು ಕೇಳಿದರೆ ಕಣ್ಣಲ್ಲಿ ನೀರು ಬರುತ್ತದೆ. ಆದರೆ ಸೊಸೆ ಎಂದರೆ ಸುಮ್ಮನೆ ಹೋಗಿ ಮುಳುಗತಕ್ಕವಳು ಎಂಬ ಮಾತನ್ನೂ ಅದು ನಮ್ಮ ಮನಸ್ಸಿನಲ್ಲಿ ಬಿತ್ತಿ ಹೋಗಬಹುದು. ಅತ್ತು ಎದ್ದು ಮನೆಗೆ ಹೋದವರು ತಮ್ಮ ಮನೆಯ ಭಾಗೀರಥಿಯನ್ನು ನೋಡಿದರೇ? ಹಾಡು ಕೇಳಿದ್ದಕ್ಕೆ ಅದು ಫಲ.

ಎರಡು ಕಥೆಗಳನ್ನೂ ಪಕ್ಕಪಕ್ಕದಲ್ಲಿಡಿರಿ. ಎರಡರಲ್ಲಿಯೂ ದೊಡ್ಡದೊಂದು ಕೆಲಸ ಅರ್ಧಕ್ಕೆ ನಿಂತಿದೆ. ಒಂದರಲ್ಲಿ ನೀರು ಬಾರದು, ಇನ್ನೊಂದರಲ್ಲಿ ಹಾಲು ಇಳಿಯದು. ಎರಡರಲ್ಲಿಯೂ ಒಬ್ಬ ಹೆಣ್ಣುಮಗಳಿಂದ ಅದು ಪೂರ್ಣವಾಗುತ್ತದೆ. ಕೆರೆಯ ಕಥೆಯಲ್ಲಿ ಅವಳು ಕೆಳಗೆ ಹೋಗುತ್ತಾಳೆ, ಕಟ್ಟಿಸಿದವನ ಕೆಲಸ ಕೈಗೂಡುತ್ತದೆ. ಬೆಟ್ಟದ ಕಥೆಯಲ್ಲಿ ಅವಳು ಮೇಲೆ ಬರುತ್ತಾಳೆ, ಕಟ್ಟಿಸಿದವನು ಬಾಗುತ್ತಾನೆ. ನಮ್ಮ ಮಕ್ಕಳಿಗೆ ಎರಡನ್ನೂ ಹೇಳೋಣ. ಮೊದಲನೆಯದನ್ನು, ಇನ್ನು ಮುಂದೆ ಹೀಗಾಗಬಾರದು ಎಂದು ಹೇಳೋಣ. ಎರಡನೆಯದನ್ನು, ಹೀಗಾಗಲಿ ಎಂದು ಹೇಳೋಣ. ಕಥೆ ತಾನಾಗಿ ಬರುತ್ತದೆ ನಿಜ, ಅದನ್ನು ಹೇಗೆ ಹೇಳಬೇಕೆಂಬುದು ನಮ್ಮ ಕೈಯಲ್ಲಿದೆ. ರತ್ನಾಕರವರ್ಣಿ ಕಾಳಗವನ್ನು ತಪ್ಪಿಸಿದಂತೆ ನಾವೂ ಕೆಲವನ್ನು ತಪ್ಪಿಸಬಲ್ಲೆವು.

ಕಡೆಯದಾಗಿ ಒಂದು ಪ್ರಶ್ನೆ. ಈ ಕಥೆಯಲ್ಲಿ ನಾವು ಯಾರು? ಕಥೆ ಕೇಳುವಾಗ ಎಲ್ಲರೂ ಅಜ್ಜಿಯ ಪಕ್ಷ. ನಕ್ಕವರ ಜೊತೆ ನಿಂತವರು ಒಬ್ಬರೂ ಸಿಗುವುದಿಲ್ಲ. ಆದರೆ ಜಾತ್ರೆಯ ದಿನ ನೋಡಿರಿ. ಪಂಕ್ತಿಯಲ್ಲಿ ಹರಿದ ಸೀರೆಯ ಮುದುಕಿಯೊಬ್ಬಳು ಮುಂದೆ ಬಂದರೆ ‘ಏಯ್ ಅಜ್ಜಿ, ಆ ಕಡೆ’ ಎನ್ನುವ ದನಿ ಯಾರದು? ಕಂಬಕ್ಕೊಂದು ಹೆಸರು, ಗಡಿಯಾರಕ್ಕೊಂದು ಹೆಸರು, ಫ್ಯಾನಿನ ಮೂರು ರೆಕ್ಕೆಗೂ ಮೂರು ಹೆಸರು ಬರೆಸುವವರು ಯಾರು? ಫ್ಯಾನು ತಿರುಗುವಾಗ ಆ ಹೆಸರನ್ನು ಯಾರೂ ಓದಲಾರರು ಎಂಬುದಾದರೂ ಅವರಿಗೆ ತಿಳಿಯಬೇಕಿತ್ತು! ಮಾತಿನಲ್ಲಿ ಮಾತ್ರ ‘ನನ್ನದೊಂದು ಅಳಿಲು ಸೇವೆ’ ಎನ್ನುತ್ತೇವೆ. ಅಳಿಲು ಹಾಗೆ ಹೇಳಿಕೊಂಡಿರಲಿಲ್ಲ. ಅದು ಮರಳು ಕೊಡವಿ ಮತ್ತೆ ಮರಳಿಗೆ ಓಡಿತು. ಮೂಲಮಾದರಿಯೂ ಹೀಗೆ ಸವೆದು ಬರಿಯ ಮಾತಾಗುವುದುಂಟು. ಆಗ ಅದನ್ನು ಮತ್ತೆ ಕಥೆಗೆ ಹಿಂತಿರುಗಿಸಿ ನೋಡಬೇಕು.

ಮನೆಯ ಮಾತಿಗೆ ಬರೋಣ. ನಿಮ್ಮ ಮನೆಯಲ್ಲಿಯೂ ಒಬ್ಬ ಅಜ್ಜಿ ಇರಬಹುದು. ಮದುವೆಯ ಓಡಾಟದಲ್ಲಿ ಆಕೆ ತನ್ನ ಸೆರಗಿನ ಗಂಟು ಬಿಚ್ಚಿ ಮೊಮ್ಮಗಳ ಕೈಗೆ ಹತ್ತು ರೂಪಾಯಿ ಇಡಲು ಬರುತ್ತಾಳೆ. ಮುಯ್ಯಿ ಬರೆಯುವವರು ಸಾವಿರಗಳ ಲೆಕ್ಕದಲ್ಲಿರುತ್ತಾರೆ. ‘ಇರಲಿ ಬಿಡಜ್ಜಿ, ನೀನೇ ಇಟ್ಟುಕೋ’ ಎಂದು ಯಾರೋ ಕೈ ಸರಿಸುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಸರಿಸಿರಬಹುದು. ಆದರೆ ಕೊಡುವ ಭಾಗ್ಯವನ್ನು ಆಕೆಯಿಂದ ಕಿತ್ತುಕೊಂಡ ಹಾಗಾಯಿತು. ಇಲ್ಲದವರಿಂದ ನಾವು ಅನ್ನವನ್ನು ಮಾತ್ರವಲ್ಲ, ಕೊಡುವ ಗೌರವವನ್ನೂ ಕಿತ್ತುಕೊಳ್ಳುತ್ತೇವೆ. ಅದನ್ನು ಇಸಿದುಕೊಳ್ಳಬೇಕು, ಎರಡೂ ಕೈಯೊಡ್ಡಿ ಇಸಿದುಕೊಳ್ಳಬೇಕು.

ಬೆಳಗೊಳದ ಕಥೆಯಲ್ಲಿ ನಾವು ಗಮನಿಸದೆ ಬಿಡುವ ಒಬ್ಬರಿದ್ದಾರೆ. ಜನ ನಗುತ್ತಿರುವಾಗ ‘ಬಿಡಿ, ಅವಳೂ ಎರೆಯಲಿ’ ಎಂದು ದಾರಿ ಮಾಡಿಕೊಟ್ಟವರು. ಅವರು ಆ ಮಾತನ್ನು ಆಡದಿದ್ದರೆ ಹಾಲು ಬಟ್ಟಲಲ್ಲಿಯೇ ಉಳಿಯುತ್ತಿತ್ತು. ಅಜ್ಜಿಯಂತಾಗುವುದು ನಮ್ಮಿಂದ ಇಂದೇ ಆಗದಿರಬಹುದು. ದಾರಿ ಬಿಡುವುದು ಆಗುತ್ತದೆ. ಚಾವುಂಡರಾಯನ ದೊಡ್ಡತನವನ್ನೂ ಇಲ್ಲಿಯೇ ಕಾಣಬೇಕು. ತನ್ನ ಅಹಂಕಾರ ಮುರಿದ ಕಥೆಯನ್ನು ಮುಚ್ಚಿಹಾಕುವುದು ಅವನಂಥ ಪ್ರಭುವಿಗೆ ಕಷ್ಟವಾಗಿರಲಿಲ್ಲ. ಪ್ರತೀತಿ ನಿಜವಾದರೆ, ಆತ ಅದನ್ನು ಕಲ್ಲಿನಲ್ಲಿ ಕಡೆಸಿ, ಬಂದವರೆಲ್ಲ ನೋಡುವಂತೆ ತನ್ನ ಬಾಗಿಲಲ್ಲಿಯೇ ನಿಲ್ಲಿಸಿದ. ಗೊಮ್ಮಟನನ್ನು ನೋಡಿ ಇಳಿಯುವವರು ಆ ಸಣ್ಣ ಮೂರ್ತಿಯ ಮುಂದೆಯೂ ಒಂದು ಗಳಿಗೆ ನಿಲ್ಲಿರಿ. ಆಮೇಲೆ ನಿಮ್ಮ ನಿಮ್ಮ ಮನೆಯ ಬಾಗಿಲಲ್ಲಿ ಯಾರು ನಿಂತಿದ್ದಾರೆಂದು ನೋಡಿರಿ.

ಬಂದವರಿಗೆ ದಾರಿ ಬಿಡುವ ಮನಸ್ಸು ನಮಗೆಲ್ಲರಿಗೂ ಬರಲಿ ಎಂದು ಹಾರೈಸಿ ಈ ಮಾತುಗಳನ್ನು ಮುಗಿಸುತ್ತೇವೆ.